ನನ್ನ ಸವತಿ ಸೈಕಲ್ ತುಳಿಯುತ್ತಾನೆ

ನನಗೊಬ್ಬ ಸವತಿ ಇದ್ದಾನೆ. ಗಂಡಸು. ಕಾಲಿನ ಕೂದಲನ್ನು ನುಣ್ಣಗೆ ಬೋಳಿಸಿಕೊಳ್ಳುತ್ತಾನೆ ನಿಜ, ಆದರೆ ಸೈಕಲ್ ರೇಸಿನವರೆಲ್ಲ ಬೋಳಿಸಿಕೊಳ್ಳುತ್ತಾರೆ. ತಂಡದಲ್ಲಿ ಎಲ್ಲರೂ ಅವನನ್ನು ದೊರೆ ಎಂದು ಕರೆಯುತ್ತಾರೆ. ನಮ್ಮವರು ಹತ್ತು ವರ್ಷ ಆ ದೊರೆಯ ಮುಂದೆ ಗಾಳಿಗೆ ಎದೆ ಕೊಟ್ಟು ಸೈಕಲ್ ತುಳಿದರು. ಮುಂದಿನವನು ಗಾಳಿ ಸೀಳಿದರೆ ಅವನ ಚಕ್ರಕ್ಕೆ ಅಂಟಿಕೊಂಡು ಹಿಂದೆ ಬರುವವನಿಗೆ ಎಷ್ಟೋ ಶ್ರಮ ಉಳಿಯುತ್ತದೆ. ಕೊನೆಯ ಗುಡ್ಡ ಬರುವ ಹೊತ್ತಿಗೆ ಮುಂದಿನವನ ಕಾಲು ಸತ್ತಿರುತ್ತದೆ. ಹಿಂದಿನವನು ಆಗ ತಾನೇ ಮಲಗೆದ್ದವನ ಹಾಗೆ ಹಾರಿ ಹೋಗಿ ಗೆಲ್ಲುತ್ತಾನೆ. ಇದನ್ನು ತಂಡದ ಆಟ ಎನ್ನುತ್ತಾರೆ. ನಾನು ಮಾತ್ರ ದುಡಿಯುವವನೊಬ್ಬ, ಉಣ್ಣುವವನೊಬ್ಬ ಎನ್ನುತ್ತೇನೆ.

ದೊರೆಗೆ ಮದುವೆಯಾಗಿಲ್ಲ. ಯಾಕಾಗಬೇಕು? ಹೊತ್ತು ಹೊತ್ತಿಗೆ ನೀರು ತಂದುಕೊಡಲು, ಚಳಿಗೆ ಜಾಕೀಟು ಹಿಡಿದು ನಿಲ್ಲಲು, ಬಿದ್ದರೆ ಎತ್ತಲು, ಅತ್ತರೆ ಸಮಾಧಾನ ಹೇಳಲು ನನ್ನ ಗಂಡ ಇದ್ದಾರಲ್ಲ. ವರ್ಷದಲ್ಲಿ ಇವರು ನನ್ನ ಜೊತೆ ಮಲಗಿದ್ದಕ್ಕಿಂತ ಹೋಟೆಲ್ ಕೋಣೆಗಳಲ್ಲಿ ಅವನ ಪಕ್ಕದ ಮಂಚದಲ್ಲಿ ಮಲಗಿದ್ದೇ ಹೆಚ್ಚು. ಮನೆಗೆ ಬಂದರೂ ಊಟದ ನಡುವೆ ಅವನ ಫೋನು. "ಅಣ್ಣ, ಮೊಣಕಾಲು ಯಾಕೋ ಸರಿಯಿಲ್ಲ ಕಣೋ." ಇವರು ಎಂಜಲು ಕೈಯಲ್ಲೇ ಎದ್ದು ಹೋಗಿ ವರಾಂಡದಲ್ಲಿ ಓಡಾಡುತ್ತ ಮಾತಾಡುವುದು. ನಾನು ಸೊಂಟ ನೋವಿನಿಂದ ಮೂರು ದಿನ ಮಲಗಿದ್ದಾಗ "ಬಿಸಿನೀರಿನ ಚೀಲ ಇಟ್ಕೋ" ಎಂದದ್ದಷ್ಟೇ.

ನಗಬೇಡಿ. ಆ ಸವತಿಯ ಕಾಲನ್ನು ನಾನೇ ಒತ್ತಬೇಕಿತ್ತು. ನಾನು ಆ ತಂಡದ ಮಾಲೀಷಿನವಳು. ಸಂಜೆ ಸವಾರರ ಕಾಲು ನೀವಬೇಕು, ಬೆಳಿಗ್ಗೆ ಬಾಟಲಿ ತುಂಬಬೇಕು, ರೇಸಿನ ಹೊತ್ತಿಗೆ ರಸ್ತೆಯ ಪಕ್ಕ ನಿಂತು ಓಡುವ ಸೈಕಲ್ಲಿನವರ ಕೈಗೆ ಬಾಟಲಿ ಕೊಡಬೇಕು. ನಮ್ಮವರನ್ನು ಮದುವೆಯಾದದ್ದೂ ಹಾಗೆಯೇ, ಮೊದಲು ಕಾಲಿನ ಪರಿಚಯ, ಮುಖದ್ದು ಆಮೇಲೆ. ತಂಡದ ಪದ್ಧತಿಯಲ್ಲಿ ಮಾಲೀಷಿನ ಮೇಜಿಗೆ ದೊರೆ ಮೊದಲು ಬರುತ್ತಾನೆ, ಉಳಿದವರು ಆಮೇಲೆ, ನನ್ನ ಗಂಡ ಎಲ್ಲರಿಗಿಂತ ಕೊನೆಗೆ. ಅಷ್ಟು ಹೊತ್ತಿಗೆ ನನ್ನ ಬೆರಳು ಸೋತು ಹೋಗಿರುತ್ತಿತ್ತು. ದೊರೆ ಮೇಜಿನ ಮೇಲೆ ಬೋರಲು ಬಿದ್ದುಕೊಂಡು, "ಅತ್ತಿಗೆ, ಅಲ್ಲೇ, ಸ್ವಲ್ಪ ಗಟ್ಟಿಯಾಗಿ" ಎನ್ನುತ್ತಿದ್ದ. ನಾನು ಗಟ್ಟಿಯಾಗಿಯೇ ಒತ್ತುತ್ತಿದ್ದೆ. "ಅತ್ತಿಗೆ ಕೈಗುಣಾನೇ ಬೇರೆ" ಎಂದು ಹೊಗಳುತ್ತಿದ್ದ. ಹೊಟ್ಟೆಕಿಚ್ಚಿಗೆ ಅಂಥ ಕೈಗುಣ ಇರುತ್ತದೆ ಎಂದು ಅವನಿಗೇನು ಗೊತ್ತು.

ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಗೆದ್ದ ಹಣವನ್ನು ಹಂಚುತ್ತಿದ್ದ, ನಮ್ಮತ್ತೆಯ ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆಯಲ್ಲಿ ಕೂತವನೂ ಅವನೇ. ಅತ್ತೆಗೆ ಅವನೆಂದರೆ ಪ್ರಾಣ. "ನಂಗೆ ಹೆತ್ತದ್ದೊಂದು, ಹೆರದೇ ಸಿಕ್ಕಿದ್ದೊಂದು" ಎಂದು ಬಂದವರಿಗೆಲ್ಲ ಹೇಳುತ್ತಾರೆ. ಸೊಸೆ ಎಂಬುವಳೊಬ್ಬಳು ಪಕ್ಕದಲ್ಲೇ ಕೂತಿರುತ್ತಾಳೆ ಎನ್ನುವುದು ಆ ಲೆಕ್ಕದಲ್ಲಿ ಬರುವುದಿಲ್ಲ.

ಅದು ಇವರ ಕೊನೆಯ ವರ್ಷ. ವಯಸ್ಸಾಯಿತು, ಬೆನ್ನು ಕೈಕೊಟ್ಟಿತ್ತು, ಮುಂದಿನ ವರ್ಷಕ್ಕೆ ತಂಡ ನಡೆಸುವ ಕಂಪನಿ ಒಪ್ಪಂದ ಮಾಡಿಕೊಳ್ಳುವುದಿಲ್ಲ ಎಂದಾಗಿತ್ತು. ಕೊನೆಯ ರೇಸು ಎಂದರೆ ವಿಶ್ವ ಚಾಂಪಿಯನ್‌ಷಿಪ್. ವರ್ಷವಿಡೀ ಕಂಪನಿಗಳ ಅಂಗಿ ತೊಟ್ಟು ಓಡುವವರು ಅವತ್ತು ಒಂದು ದಿನ ಮಾತ್ರ ತಮ್ಮ ತಮ್ಮ ದೇಶದ ಅಂಗಿ ತೊಟ್ಟು ಓಡುತ್ತಾರೆ. ವರ್ಷವಿಡೀ ಗೆಳೆಯರಾಗಿದ್ದವರು ಅವತ್ತು ಎದುರಾಳಿಗಳು. ಗೆದ್ದವನಿಗೆ ಬಣ್ಣದ ಪಟ್ಟೆಯ ಬಿಳಿ ಅಂಗಿ ಸಿಗುತ್ತದೆ, ಮುಂದಿನ ವರ್ಷದ ಚಾಂಪಿಯನ್‌ಷಿಪ್ಪಿನವರೆಗೂ ಅದನ್ನೇ ತೊಡಬಹುದು. ಎಲ್ಲರಿಗೂ ಒಂದು ದಿನ ಜೊತೆ ತಪ್ಪುತ್ತದೆ. ನಮ್ಮವರಿಗೂ ದೊರೆಗೂ ದೇಶವೂ ಒಂದೇ. ಆ ಒಂದು ದಿನದ ಬಿಡುಗಡೆಯೂ ನನ್ನ ಹಣೆಯಲ್ಲಿ ಬರೆದಿರಲಿಲ್ಲ. ದೇಶದ ತಂಡಕ್ಕೂ ಬಾಟಲಿ ಕೊಡಲು ನನ್ನನ್ನೇ ಕರೆದರು.

ಹಿಂದಿನ ಸಂಜೆ ಹೋಟೆಲಿನ ಲಿಫ್ಟಿನ ಮುಂದೆ ದೇಶದ ತಂಡದ ಕೋಚ್ ಇವರ ಹೆಗಲ ಮೇಲೆ ಕೈಯಿಟ್ಟು ಹೇಳಿದ ಮಾತನ್ನು ನಾನು ಕಿವಿಯಾರೆ ಕೇಳಿದೆ. "ಮೊದಲು ಮುಂದೆ ಓಡಿಹೋಗೋ ಗುಂಪಿಗೆ ಸೇರ್ಕೋ. ಕೊನೇ ಎರಡು ಸುತ್ತಿನವರೆಗೂ ಆ ಗುಂಪು ಸಿಕ್ಕಿಬೀಳದೆ ಉಳಿದ್ರೆ, ಅಲ್ಲಿಂದ ನಿನ್ನ ರೇಸ್ ನಿಂದು. ದೊರೆಗೋಸ್ಕರ ನೀನು ನಿಲ್ಲಬೇಕಾಗಿಲ್ಲ."

"ನೋಡೋಣ ಸಾರ್" ಎಂದರು ಇವರು.

ಕೋಣೆಗೆ ಬಂದಮೇಲೆ ನಾನು ಬಿಡಲಿಲ್ಲ. "ನೋಡೋಣ ಏನ್ರೀ ನೋಡೋಣ? ಕೊನೇ ರೇಸು. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ನೀವು ಎಲ್ಲರಿಗಿಂತ ಮೊದಲು ಗೆರೆ ದಾಟಿದ್ದನ್ನ ನಾನು ನೋಡಿಲ್ಲ. ನಂಗೆ ನೋಡ್ಬೇಕು."

"ಆಯ್ತು ಬಿಡೇ" ಎಂದರು.

"ಆಯ್ತು ಅಂದ್ರೆ?"

"ಆಯ್ತು ಅಂದ್ರೆ ಆಯ್ತು. ನಾಳೆ ನಂಗೋಸ್ಕರ ತುಳೀತೀನಿ. ಸಾಕಾ?"

ಆ ರಾತ್ರಿ ನನಗೆ ಹಾಲು ಕುಡಿದಷ್ಟು ಸಂತೋಷ.

ರೇಸು ಊರಿನ ಸುತ್ತ ಒಂದೇ ದಾರಿಯಲ್ಲಿ ಮತ್ತೆ ಮತ್ತೆ ತಿರುಗುವಂಥದ್ದು. ಬಾಟಲಿ ಕೊಡುವ ಜಾಗವನ್ನು ಏರಿನ ಮೇಲೆ ಇಟ್ಟಿದ್ದರು. ಅಲ್ಲಿ ಸೈಕಲ್ಲುಗಳು ನಿಧಾನವಾಗುತ್ತವೆ, ಬಾಟಲಿ ಕೈ ಬದಲಾಗುವಾಗ ಎರಡು ಮಾತಾಡಬಹುದು. ಆ ಎರಡು ಮಾತು ಅವತ್ತು ದೊಡ್ಡದು. ಬೇರೆ ರೇಸುಗಳಲ್ಲಿ ಸವಾರರ ಕಿವಿಯಲ್ಲಿ ರೇಡಿಯೋ ಇರುತ್ತದೆ, ಕಾರಿನಲ್ಲಿ ಕೂತ ಕೋಚ್ ಹೇಳಿದ್ದು ಕೇಳುತ್ತದೆ. ಈ ರೇಸಿನಲ್ಲಿ ರೇಡಿಯೋಗೆ ಅವಕಾಶವಿರಲಿಲ್ಲ. ಹಿಂದೆ ಏನಾಗುತ್ತಿದೆ ಎಂದು ಮುಂದಿನವರಿಗೆ ತಿಳಿಯಬೇಕಾದರೆ ಕೋಚ್ ಕಾರು ಪಕ್ಕಕ್ಕೆ ಬಂದು ಹೇಳಬೇಕು, ಇಲ್ಲವೇ ರಸ್ತೆಬದಿಯಲ್ಲಿ ನಿಂತ ನನ್ನಂಥವರು ಕೂಗಬೇಕು.

ಬೇಲಿಯಾಚೆ ಮಡಚುವ ಕುರ್ಚಿ ಹಾಕಿಕೊಂಡು ಅತ್ತೆ ಕೂತಿದ್ದರು. ಎದುರಿಗೆ ದೊಡ್ಡ ಪರದೆ ಇದ್ದರೂ ಅವರಿಗೆ ತಮ್ಮ ಫೋನಿನಲ್ಲಿ ನೋಡಿದರೇ ಸಮಾಧಾನ.

ಇವರು ಹೇಳಿದಂತೆಯೇ ಮಾಡಿದರು. ಮೊದಲ ಸುತ್ತಿನಲ್ಲೇ ಏಳು ಜನ ಮುಂದೆ ಹಾರಿದರು, ಅವರಲ್ಲಿ ಇವರೊಬ್ಬರು. ದೊರೆ ಹಿಂದೆ ದೊಡ್ಡ ಗುಂಪಿನಲ್ಲಿ. ಸುತ್ತು ಕಳೆದಂತೆ ಎಲ್ಲರೂ ಈಗ ಹಿಡಿಯುತ್ತಾರೆ, ಆಗ ಹಿಡಿಯುತ್ತಾರೆ ಎನ್ನುತ್ತಿದ್ದರು. ಹಿಡಿಯಲಿಲ್ಲ. ಇವರು ಪ್ರತಿ ಸಲ ಏರು ಹತ್ತಿ ಬಂದು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡಾಗಲೂ ಕಾಲು ನೋಡುತ್ತಿದ್ದೆ. ಚೆನ್ನಾಗಿತ್ತು. ಅಷ್ಟು ಚೆನ್ನಾಗಿ ಆ ಕಾಲು ಓಡಿದ್ದನ್ನು ನಾನು ಕಂಡಿರಲಿಲ್ಲ. ಅತ್ತೆ ಮಾತ್ರ, "ದೊರೆ ಕಾಣಿಸ್ತಾನೇ ಇಲ್ವಲ್ಲೇ, ಪಾಪ, ಹಿಂದೆ ಒಬ್ಬನೇ ಏನ್ ಮಾಡ್ತಿದಾನೋ" ಎಂದು ಗೊಣಗಿದರು.

"ಒಬ್ಬನೇ ಎಲ್ಲಿ ಅತ್ತೆ, ನೂರು ಜನದ ಮಧ್ಯೆ ಇದಾನೆ. ಇಲ್ಲಿ ನಿಮ್ಮ ಮಗ ಮುಂದಿದಾರೆ, ಅದನ್ನ ನೋಡಿ."

"ಅವನನ್ನ ನೋಡದೆ ಇರ್ತೀನಾ? ನೋಡ್ತಾನೇ ಇದೀನಿ" ಎಂದು ಮತ್ತೆ ದೊರೆಯನ್ನೇ ಹುಡುಕಿದರು.

ಕೊನೆಯ ಎರಡು ಸುತ್ತು ಉಳಿದವು. ಏಳು ಜನ ಇನ್ನೂ ಮುಂದೆಯೇ ಇದ್ದರು. ಕೋಚ್ ಕೊಟ್ಟ ಮಾತಿನ ಪ್ರಕಾರ ಇನ್ನು ರೇಸು ನನ್ನ ಗಂಡನದು. ನಾನು ಐಸಿನ ಪೆಟ್ಟಿಗೆಯಿಂದ ತಣ್ಣಗಿನ ಬಾಟಲಿ ತೆಗೆದು ಒರೆಸಿ ಹಿಡಿದುಕೊಂಡು ಸಿದ್ಧವಾಗಿ ನಿಂತೆ. ಅಷ್ಟರಲ್ಲಿ ಪರದೆಯ ಮೇಲೆ ದೊಡ್ಡ ಗುಂಪಿನವರು ಇಳಿಜಾರಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಅತ್ತೆ ಅಯ್ಯಯ್ಯೋ ಎಂದರು. ನನ್ನ ಫೋನು ಹೊಡೆದುಕೊಂಡಿತು. ಕೋಚ್.

"ದೊರೆ ಬಿದ್ದಿದಾನೆ. ಎದ್ದ, ಬೇರೆ ಸೈಕಲ್ ಕೊಟ್ಟಿದೀವಿ. ಕಾಲು ತರಚಿದೆ ಅಷ್ಟೆ. ನಾಲ್ಕೈದು ಜನರ ಜೊತೆ ಹಿಂದಿಂದ ಬರ್ತಿದಾನೆ. ನಿನ್ನ ಯಜಮಾನ ಅಲ್ಲಿಗೆ ಬಂದ ತಕ್ಷಣ ನಿಲ್ಲೋಕೆ ಹೇಳು. ದೊರೆನ ಎಳ್ಕೊಂಡು ಬರ್ಲಿ."

"ಸಾರ್, ನೀವು ನಿನ್ನೆ ಮಾತು ಕೊಟ್ಟಿದ್ರಿ."

"ಏನ್ ಮಾತು?"

"ಎರಡು ಸುತ್ತಿನವರೆಗೂ ಉಳಿದ್ರೆ ಇವರ ರೇಸ್ ಇವರದು ಅಂತ."

"ನೋಡಮ್ಮ, ಅದೆಲ್ಲ ಮಾತಾಡೋ ಹೊತ್ತಲ್ಲ ಇದು. ಆ ಏಳು ಜನರಲ್ಲಿ ಇವನಿಗಿಂತ ಜೋರಾಗಿ ಓಡೋರು ಇದಾರೆ. ದೊರೆಯಾದ್ರೆ ಗೆಲ್ತಾನೆ. ನನ್ನ ಕಾರನ್ನ ಮುಂದಕ್ಕೆ ಬಿಡ್ತಿಲ್ಲ. ಹೇಳೋಕೆ ನಿನ್ನ ಬಿಟ್ರೆ ಯಾರೂ ಇಲ್ಲ. ಹೇಳ್ತೀಯ ತಾನೇ?"

"ಹೇಳ್ತೀನಿ" ಎಂದೆ. ಏನು ಹೇಳುತ್ತೇನೆ ಎಂದು ಅವರು ಕೇಳಲಿಲ್ಲ.

ಆ ಹೊತ್ತಿನಲ್ಲಿ ನನ್ನ ಮೈಯೆಲ್ಲ ಉರಿಯುತ್ತಿತ್ತು. ಕೈಗೆ ಬಂದ ತುತ್ತು. ಇನ್ನೆರಡೇ ಸುತ್ತು. ಅದನ್ನೂ ಬಾಯಿಂದ ಕಿತ್ತು ಅವನಿಗೇ ಉಣಿಸಬೇಕಂತೆ, ಅದೂ ನನ್ನ ಕೈಯಿಂದಲೇ. ನಿಲ್ಲಿ ಎಂದರೆ ಇವರು ನಿಲ್ಲುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಏನೂ ಹೇಳದೆ ಸುಮ್ಮನಿದ್ದರೂ ಪರದೆ ಕಣ್ಣಿಗೆ ಬಿದ್ದು, ಯಾರಾದರೂ ಕೂಗಿ, ತಿಳಿದುಬಿಟ್ಟರೆ ನಿಲ್ಲುತ್ತಾರೆ. ಹಾಗಾದರೆ ನಿಲ್ಲಲು ಕಾರಣವೇ ಇಲ್ಲದಂತೆ ಮಾಡಬೇಕು.

ಏಳು ಜನ ಏರು ಹತ್ತಿ ಬಂದರು. ಇವರು ಬಾಟಲಿಗೆ ಕೈ ಚಾಚುತ್ತಲೇ ಕೇಳಿದರು, "ಹಿಂದೆ ಏನೋ ಆಯ್ತಂತೆ. ದೊರೆ ಎಲ್ಲಿ?"

ತನಗೆಷ್ಟು ಅಂತರ ಇದೆ, ಇನ್ನೆಷ್ಟು ದೂರ ಇದೆ, ಯಾವುದೂ ಅಲ್ಲ. ದೊರೆ ಎಲ್ಲಿ.

ನಾನು ಬಾಟಲಿ ಬಿಡದೆ ಪಕ್ಕದಲ್ಲಿ ಓಡುತ್ತ ಹೇಳಿದೆ. "ಅವನು ಬಿದ್ದ. ರೇಸ್ ಬಿಟ್ಟುಬಿಟ್ಟ. ಆಸ್ಪತ್ರೆಗೇನೂ ಅಲ್ಲ, ಆರಾಮಾಗಿದಾನೆ, ಕಾರಲ್ಲಿ ಕೂತಿದಾನೆ. ಇನ್ನು ನೀವೇ. ಹೋಗಿ."

"ಬಿಟ್ನಾ?"

"ಬಿಟ್ಟ. ಹೋಗ್ರೀ."

ಇವರು ಬಾಟಲಿ ತೆಗೆದುಕೊಂಡು ಹೋದರು. ನಾನು ಏದುಸಿರು ಬಿಡುತ್ತ ಹಿಂದೆ ಬಂದೆ. ಅತ್ತೆ ಬೇಲಿಯ ಮೇಲೆ ಕೈಯಿಟ್ಟು ನಿಂತಿದ್ದರು.

"ಏನ್ ಹೇಳ್ದೆ ಅವನಿಗೆ?"

"ನೀರು ಕುಡೀರಿ ಅಂದೆ."

"ನೀರು ಕುಡಿ ಅನ್ನೋಕೆ ಅಷ್ಟು ದೂರ ಓಡಿದ್ಯಾ?"

ನಾನು ಪರದೆಯ ಕಡೆ ತಿರುಗಿದೆ. ಪಶ್ಚಾತ್ತಾಪವೇನೂ ಆಗಿರಲಿಲ್ಲ, ಈಗಲೂ ಆಗಿಲ್ಲ. ಮಾತು ಮುರಿದವರು ಕೋಚು, ಸುಳ್ಳಿನ ಪಾಪ ಮಾತ್ರ ನನಗೆ ಯಾಕೆ?

ಪರದೆಯ ಮೇಲೆ ಏಳು ಜನ ಮುಂದಿನ ಗುಡ್ಡಕ್ಕೆ ಬಂದರು. ಅಲ್ಲಿ ಇವರು ಏಳಬೇಕು, ಪೆಡಲಿನ ಮೇಲೆ ನಿಂತು ಒಂದೇ ಸಮ ಬಾರಿಸಬೇಕು. ನಾನು ಮನಸ್ಸಿನಲ್ಲೇ ನೂಕುತ್ತಿದ್ದೆ. ಒಬ್ಬ ಎದ್ದ, ಉಳಿದವರು ಅವನ ಹಿಂದೆ ಹೋದರು. ಇವರು ಹೋಗಲಿಲ್ಲ. ಬೆನ್ನು ನೆಟ್ಟಗಾಯಿತು. ಕೈಗಳು ಹ್ಯಾಂಡಲಿನ ಮೇಲ್ಗಡೆಗೆ ಬಂದವು. ಸಂಜೆ ತರಕಾರಿ ತರಲು ಹೊರಟವರ ಹಾಗೆ ತುಳಿಯುತ್ತ ರಸ್ತೆಯ ಅಂಚಿಗೆ ಸರಿದರು.

"ಕಾಲು ಮುಗಿದುಹೋಯ್ತು ಅಂತ ಕಾಣುತ್ತೆ" ಎಂದ ಧ್ವನಿವರ್ಧಕದವನು.

ಆ ಕಾಲು ನನಗೆ ಗೊತ್ತು. ಮುಗಿದ ಕಾಲು ನಡುಗುತ್ತದೆ, ಮೊಣಕಾಲು ಹೊರಕ್ಕೆ ವಾಲುತ್ತದೆ. ಇವರ ಮೊಣಕಾಲು ನೆಟ್ಟಗೇ ಇತ್ತು. ಕಾಲು ಮುಗಿದಿರಲಿಲ್ಲ.

"ಏನಾಯ್ತೇ ನನ್ನ ಮಗನಿಗೆ?" ಎಂದರು ಅತ್ತೆ. ಅವತ್ತು ಮೊದಲ ಸಲ ಅವರು ನನ್ನ ಗಂಡನಿಗಾಗಿ ಗಾಬರಿಯಾದದ್ದು.

ಹಿಂದಿನಿಂದ ದೊರೆಯ ಪುಟ್ಟ ಗುಂಪು ಬಂತು. ಅವನ ಚಡ್ಡಿ ಒಂದು ಕಡೆ ಹರಿದು, ತೊಡೆಯಿಂದ ರಕ್ತ ಇಳಿಯುತ್ತಿತ್ತು. ಇವರು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು, ತಿರುಗಿ ನೋಡಲಿಲ್ಲ. ಇಷ್ಟು ವರ್ಷದಲ್ಲಿ ಇವರು ಹಿಂದಕ್ಕೆ ತಿರುಗಿ ನೋಡದ ದಿನ ಅದೊಂದೇ. ದೊರೆ ಪಕ್ಕಕ್ಕೆ ಬಂದು ಬೆನ್ನ ಮೇಲೆ ಕೈಯಿಟ್ಟ. ಇವರು ತಿರುಗಿದರು. ಕ್ಯಾಮೆರಾ ಹಿಡಿದವನ ಕೈ ಸೇದಿಹೋಗಲಿ, ಅದೇ ಹೊತ್ತಿಗೆ ಮುಖವನ್ನು ಪರದೆ ತುಂಬ ತೋರಿಸಿದ. ನಮ್ಮ ಮದುವೆಯ ದಿನವೂ ನಾನು ಆ ಮುಖ ಕಂಡಿರಲಿಲ್ಲ. ಕಳೆದುಹೋದ ಮಗು ಸಿಕ್ಕಿದ ಹಾಗೆ ನಕ್ಕರು.

ಆಮೇಲೆ ಹೊರಟರು ನೋಡಿ. ಮುಗಿದುಹೋಗಿದೆ ಎಂದ ಕಾಲು ಅದು. ದೊರೆಯನ್ನು ಚಕ್ರಕ್ಕೆ ಅಂಟಿಸಿಕೊಂಡು ಏರಿನಲ್ಲಿ, ಇಳಿಜಾರಿನಲ್ಲಿ, ಎದುರುಗಾಳಿಯಲ್ಲಿ ಒಂದೇ ಸಮನೆ ಎಳೆದರು. ಜೊತೆಗಿದ್ದವರು ಒಬ್ಬೊಬ್ಬರಾಗಿ ಉದುರಿದರು. ಕೊನೆಯ ಸುತ್ತಿಗೆ ನನ್ನ ಮುಂದೆ ಬಂದಾಗ ಕೈ ಚಾಚಿ, "ದೊರೇದು ಕೊಡು" ಎಂದರು. ಕೊಟ್ಟೆ. ಅದನ್ನು ಹಿಂದಕ್ಕೆ ದಾಟಿಸಿದರು. ಇನ್ನೊಂದು ಬಾಟಲಿ ಹಿಡಿದುಕೊಂಡೇ ಇದ್ದೆ, ಅದನ್ನು ತೆಗೆದುಕೊಳ್ಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ದೊರೆ ಮಾತ್ರ ಆ ಏದುಸಿರಿನಲ್ಲೂ, "ಥ್ಯಾಂಕ್ಸ್ ಅತ್ತಿಗೆ" ಎಂದ. ಗಾಯಕ್ಕೆ ಉಪ್ಪು ಸವರುವುದು ಎಂದರೆ ಇದೇ.

ಕೊನೆಯ ಗುಡ್ಡದ ಬುಡದಲ್ಲಿ ಮುಂದಿನ ಆರು ಜನ ಸಿಕ್ಕರು. ಇವರು ಪಕ್ಕಕ್ಕೆ ಸರಿದು ಕೈ ಬೀಸಿದರು, ಹೋಗು ಎಂದು. ದೊರೆ ಹೋದ. ಅವನು ಗೆದ್ದದ್ದನ್ನು ವಿವರಿಸುವ ಸಹನೆ ನನಗಿಲ್ಲ. ಗೆದ್ದ. ಅತ್ತೆ ಫೋನಿಗೆ ಮುತ್ತು ಕೊಟ್ಟು ಅತ್ತರು. ಎಷ್ಟೋ ಹೊತ್ತಿನ ಮೇಲೆ ಇವರೊಬ್ಬರೇ ಬಂದರು, ಎರಡು ಕೈಯನ್ನೂ ಮೇಲೆತ್ತಿಕೊಂಡು. ಆ ಹೊತ್ತಿಗೆ ಗೆರೆಯ ಹತ್ತಿರ ಇವರನ್ನು ನೋಡುವವರು ಯಾರೂ ಇರಲಿಲ್ಲ. ಜನವೆಲ್ಲ ಪಟ್ಟೆ ಅಂಗಿಯವನ ಸುತ್ತ ಇದ್ದರು.

ತಂಡದ ಬಸ್ಸಿನ ಹತ್ತಿರ ಕೋಚ್ ನನ್ನ ಕೈ ಹಿಡಿದು ಕುಲುಕಿದರು. "ಸರಿಯಾದ ಹೊತ್ತಿಗೆ ಹೇಳಿದೆ ಕಣಮ್ಮ. ಈ ಗೆಲುವಲ್ಲಿ ನಿಂದೂ ಪಾಲಿದೆ." ಇವರ ಕಡೆ ತಿರುಗಿ ಕೇಳಿದರು, "ಹೇಳಿದ್ಲಲ್ಲ?"

ಇವರು ಹೆಲ್ಮೆಟ್ ಬಿಚ್ಚುತ್ತಿದ್ದವರು ತಲೆ ಎತ್ತಲಿಲ್ಲ.

"ಹೇಳಿದ್ಲು ಸಾರ್. ಅದಕ್ಕೇ ನಿಂತೆ."

ಸಂಜೆ ಹೋಟೆಲಿನ ಮಾಲೀಷಿನ ಕೋಣೆಯಲ್ಲಿ ಇವರು ಮೇಜಿನ ಮೇಲೆ ಬೋರಲು ಮಲಗಿದ್ದರು. ದೊರೆ ಪತ್ರಿಕೆಯವರ ಹತ್ತಿರ ಸಿಕ್ಕಿಕೊಂಡಿದ್ದ. ಹಾಗಾಗಿ ಅವತ್ತು ಮೊದಲ ಸಲ ಇವರ ಕಾಲು ಮೊದಲು ನನ್ನ ಕೈಗೆ ಬಂತು. ಎಣ್ಣೆ ಹಚ್ಚಿ ಮೀನಖಂಡ ಒತ್ತುತ್ತ ಬೈಗುಳಕ್ಕೆ ಕಾದೆ. ಬೈದಿದ್ದರೆ ನಾಲ್ಕು ಮಾತು ನಾನೂ ಆಡಿ ಹಗುರಾಗಬಹುದಿತ್ತು. ಬೈಯಲಿಲ್ಲ.

"ಬಾಯಿ ಬಿಡ್ರೀ" ಎಂದೆ. "ನಾನು ಸುಳ್ಳು ಹೇಳ್ದೆ. ಬೈಯಿರಿ."

"ಯಾಕೆ ಹೇಳ್ದೆ ಅಂತ ಗೊತ್ತು ಬಿಡು."

"ಮತ್ತೆ ಯಾಕೆ ಹೋಗ್ಲಿಲ್ಲ? ನಂಬಲಿಲ್ವಾ ನನ್ನ?"

ಅವರು ಮುಖ ಇಡಲೆಂದು ಮೇಜಿನಲ್ಲಿರುವ ತೂತಿನಿಂದ ತಲೆ ಎತ್ತಿ ಕೆನ್ನೆ ಒರಗಿಸಿದರು. "ನಂಬಿದೆ. ನಂಬಿದ್ದಕ್ಕೇ ಹಾಗಾಯ್ತು. ಸರಿ, ಇನ್ನು ನಾನೇ ಅಂದ್ಕೊಂಡು ಗುಡ್ಡಕ್ಕೆ ಬಂದೆ. ಏಳೋಣ ಅಂದ್ರೆ ಆಗ್ಲಿಲ್ಲ ಕಣೇ. ನೋವಿಲ್ಲ, ಸುಸ್ತಿಲ್ಲ. ಹಿಂದೆ ಅವನಿಲ್ಲ ಅನ್ನೋದು ತಲೇಲಿ ಬಂತು ನೋಡು, ಕಾಲು ಸುಮ್ನಾಗಿಬಿಡ್ತು. ಯಾರಿಗೋಸ್ಕರ ತುಳೀಬೇಕು ಅಂತಾನೇ ತಿಳೀಲಿಲ್ಲ."

"ನಿಮಗೋಸ್ಕರ ಅಂತ ನಿನ್ನೆ ಹೇಳಿದ್ರಿ."

"ಹೇಳಿದ್ದೆ. ಅದು ಹೆಂಗೆ ಅಂತ ಗೊತ್ತಿರ್ಲಿಲ್ಲ."

ನಾನು ಒತ್ತುವುದನ್ನು ನಿಲ್ಲಿಸಿದೆ. ಕೇಳಬಾರದಿತ್ತು. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆಗಳು ಇರುತ್ತವೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ.

"ರೀ, ಒಂದು ಹೇಳಿ. ನಿನ್ನ ಹೆಂಡ್ತಿ ಬಿಟ್ಟುಹೋದ್ಲು, ಇನ್ನು ಬರಲ್ಲ ಅಂತ ಅದೇ ಏರಲ್ಲಿ ಯಾರಾದ್ರೂ ಹೇಳಿದ್ರೆ, ನಿಮ್ಮ ಕಾಲು ಹಾಗೇ ಸುಮ್ನಾಗ್ತಿತ್ತಾ?"

ಅವರು ನಕ್ಕರು. ಅಣಕಿಸುವ ನಗುವಲ್ಲ, ಭರವಸೆಯ ನಗು. "ನೀನು ಎಲ್ಲಿಗೆ ಹೋಗ್ತೀಯ? ನೀನು ಬಿಡೋಳಲ್ಲ. ಅದು ನಂಗೊತ್ತಿಲ್ವಾ?"

"ನಾನು ಕೇಳಿದ್ದು ಅದಲ್ಲ."

ಮೋಸ ಗೊತ್ತಿಲ್ಲದ ಮನುಷ್ಯ, ನಿಜವಾಗಿಯೂ ಯೋಚಿಸತೊಡಗಿದರು. ಗೋಡೆಯ ಕಡೆ ನೋಡುತ್ತ, ಹುಬ್ಬು ಗಂಟಿಕ್ಕಿಕೊಂಡು, ಏನೋ ಲೆಕ್ಕ ಬಗೆಹರಿಸುವವರ ಹಾಗೆ. ಹೂಂ ಎಂದು ಒಂದು ಸುಳ್ಳು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ನಾನು ಹೇಳಲಿಲ್ಲವೇ ಮಧ್ಯಾಹ್ನ, ಅಷ್ಟು ಸಲೀಸಾಗಿ? ಅವರಿನ್ನೂ ಯೋಚಿಸುತ್ತಿರುವಾಗಲೇ ಬಾಗಿಲು ಬಡಿದ ಸದ್ದಾಯಿತು.

"ಅಣ್ಣ, ಒಳಗಿದೀಯಾ?"

ಇವರು ತಟ್ಟನೆ ಎದ್ದು ಕೂತರು. ಇಡೀ ದಿನ ಗುಡ್ಡ ಹತ್ತಿಳಿದ ಕಾಲನ್ನು ಮೇಜಿನಿಂದ ಕೆಳಗೆ ಬಿಟ್ಟು, ಬೇಗ ಬೇಗ ಟವೆಲ್ ಸುತ್ತಿಕೊಂಡರು.

"ಬಾಗಿಲು ತೆಗಿಯೇ" ಎಂದರು. "ನಂದು ಆಯ್ತು. ಅವನ ಕಾಲಿಗೆ ಪೆಟ್ಟಾಗಿದೆ, ಮೊದಲು ಅವನಿಗೆ ನೋಡು, ಪಾಪ."

ನಾನು ಕೈಯ ಎಣ್ಣೆ ಒರೆಸಿಕೊಂಡು ಹೋಗಿ ಬಾಗಿಲು ತೆಗೆದೆ.